ತಲೆಯ ಮೇಲಿನ ಮೂಳೆ ಜುಟ್ಟು: ವಯಸ್ಸೋ, ಲಿಂಗವೋ, ಬೇರೆ ಪ್ರಭೇದವೋ?

2025ರ ಸೆಪ್ಟೆಂಬರ್‌ನಲ್ಲಿ ಒಂದು ಸುದ್ದಿ ಬಂತು. ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಜವಾಸೆಫೇಲ್ ಎಂಬ ಡೈನೋಸಾರ್ ಸಿಕ್ಕಿದೆ. ಸತ್ತಾಗ ಅದಿನ್ನೂ ಎಳೆ ಪ್ರಾಯದ್ದು, ಉದ್ದ ಸುಮಾರು ಒಂದು ಮೀಟರ್. ಆದರೆ ತಲೆಯ ಮೇಲಿನ ಮೂಳೆಯ ಗುಮ್ಮಟ ಮಾತ್ರ ಆಗಲೇ ಪೂರ್ತಿ ಬೆಳೆದಿತ್ತು. ಮರುತಿಂಗಳು ಇನ್ನೊಂದು ಸುದ್ದಿ. ಟಿ. ರೆಕ್ಸ್‌ನ ಮರಿ ಎಂದು ಬಹಳಷ್ಟು ವಿಜ್ಞಾನಿಗಳು ನಂಬಿದ್ದ ನ್ಯಾನೋಟೈರನಸ್ ಮರಿಯೇ ಅಲ್ಲವಂತೆ. ಅದು ಚಿಕ್ಕ ಗಾತ್ರದಲ್ಲೇ ಬಲಿತ ಬೇರೆ ಪ್ರಾಣಿಯಂತೆ.

ಎರಡೂ ಪ್ರಕಟವಾದದ್ದು ‘ನೇಚರ್’ ಪತ್ರಿಕೆಯಲ್ಲಿ. ಎರಡೂ ಅಧ್ಯಯನಗಳಲ್ಲಿ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಲಿಂಡ್ಸೆ ಜ್ಯಾನೋ ಇದ್ದರು. ಒಂದರಲ್ಲಿ ದೊಡ್ಡವರ ತಲೆ ಹೊತ್ತ ಎಳೆಯದು, ಇನ್ನೊಂದರಲ್ಲಿ ಎಳೆಯದರ ಗಾತ್ರದ ದೊಡ್ಡದು. ಇದಕ್ಕೂ ಹದಿನೈದು ವರ್ಷ ಹಿಂದೆ ಇದಕ್ಕೆ ತದ್ವಿರುದ್ಧವಾದ ಸುದ್ದಿಗಳು ಬಂದಿದ್ದವು: ಆ ಡೈನೋಸಾರ್ ಬೇರೆ ಪ್ರಭೇದವಲ್ಲ, ಈ ಡೈನೋಸಾರ್‌ನ ಮರಿ ಅಷ್ಟೇ ಎಂದು. ಓದುವವರಿಗೆ ತಲೆ ಕೆಡುವುದು ಸಹಜ. ಇವರು ಸುಮ್ನೆ ಊಹೆ ಮಾಡುತ್ತಿದ್ದಾರಾ ಅನ್ನಿಸುತ್ತದೆ.

ಊಹೆಯಲ್ಲ. ಆದರೆ ತಲೆಬುರುಡೆಯ ಆಕಾರವೊಂದನ್ನೇ ನೋಡಿ ಪ್ರಾಣಿಯ ವಯಸ್ಸು, ಲಿಂಗ, ಪ್ರಭೇದ ಮೂರನ್ನೂ ಹೇಳಲು ಹೊರಟರೆ ಎಡವುವುದು ಖಂಡಿತ. ಯಾಕೆ ಅಂತ ತಿಳಿಯಲು ಪಳೆಯುಳಿಕೆಗಿಂತ ಮೊದಲು ಈಗ ಬದುಕಿರುವ ಹಕ್ಕಿಗಳನ್ನು ನೋಡಬೇಕು. ಹಕ್ಕಿಗಳು ಡೈನೋಸಾರ್ ವಂಶದವೇ. ಅವುಗಳಲ್ಲಿ ಕೆಲವಕ್ಕೆ ಇಂದಿಗೂ ತಲೆಯ ಮೇಲೆ ಮೂಳೆಯ ಜುಟ್ಟು ಇದೆ.

ಗೊಂದಲದ ಹಿನ್ನೆಲೆ

ಪಳೆಯುಳಿಕೆಗಳಿಗೆ ಹೆಸರಿಡುವ ಕೆಲಸ ನೂರೈವತ್ತು ವರ್ಷಕ್ಕೂ ಹಿಂದಿನಿಂದ ಜೋರಾಗಿ ನಡೆದಿದೆ. ಹೊಸ ಬುರುಡೆ ಸಿಕ್ಕಿತು, ಜುಟ್ಟಿನ ಆಕಾರ ಬೇರೆ ಇದೆ, ಹಾಗಾದರೆ ಹೊಸ ಹೆಸರು. ಆಗೆಲ್ಲ ಇದೇ ರೂಢಿ. ಕೆನಡಾದ ಆಲ್ಬರ್ಟಾದಲ್ಲಿ ಸಿಕ್ಕ ಜುಟ್ಟಿನ ಬಾತುಮೂತಿ ಡೈನೋಸಾರ್‌ಗಳಿಗೆ ಹೀಗೇ ಹತ್ತಕ್ಕೂ ಹೆಚ್ಚು ಪ್ರಭೇದಗಳ ಹೆಸರು ಬಿದ್ದಿದ್ದವು. 1975ರಲ್ಲಿ ಪೀಟರ್ ಡಾಡ್ಸನ್ ಆ ಬುರುಡೆಗಳನ್ನು ಅಳೆದು ನೋಡಿದರು. ಸಣ್ಣ ಜುಟ್ಟಿನವು ಮರಿಗಳು, ಉಳಿದ ವ್ಯತ್ಯಾಸದಲ್ಲಿ ಒಂದಷ್ಟು ಗಂಡು ಹೆಣ್ಣಿನದು ಎಂದು ವಾದಿಸಿದರು. ಪಟ್ಟಿ ಮೂರು ಪ್ರಭೇದಗಳಿಗೆ ಇಳಿಯಿತು.

2009ರಲ್ಲಿ ಜಾಕ್ ಹಾರ್ನರ್ ಮತ್ತು ಮಾರ್ಕ್ ಗುಡ್‌ವಿನ್ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದರು. ಅಮೆರಿಕದ ಹೆಲ್ ಕ್ರೀಕ್ ಎಂಬ ಬಂಡೆ ಪದರಗಳಲ್ಲಿ ಮೂರು ಬಗೆಯ ತಲೆಗಳು ಸಿಕ್ಕಿದ್ದವು. ಚಪ್ಪಟೆ ತಲೆ, ಮುಳ್ಳುಗಳ ಡ್ರಾಕೊರೆಕ್ಸ್. ಸಣ್ಣ ಗುಮ್ಮಟ, ಉದ್ದ ಮುಳ್ಳುಗಳ ಸ್ಟೈಜಿಮೊಲಾಕ್. ದಪ್ಪ ಗುಮ್ಮಟ, ಮೊಂಡು ಗುಬುಟುಗಳ ಪ್ಯಾಕಿಸೆಫಲೊಸಾರಸ್. ಇವು ಮೂರು ಪ್ರಾಣಿಗಳಲ್ಲ, ಒಂದೇ ಪ್ರಾಣಿಯ ಮೂರು ವಯಸ್ಸು ಎಂದರು. ಅಂದರೆ ಬೆಳೆಯುತ್ತಾ ಗುಮ್ಮಟ ಏರುತ್ತದೆ, ಮುಳ್ಳು ಕರಗುತ್ತದೆ. ಮರುವರ್ಷ ಹಾರ್ನರ್ ಮತ್ತು ಜಾನ್ ಸ್ಕ್ಯಾನೆಲ್ಲಾ, ಟೊರೊಸಾರಸ್ ಎಂಬ ಕೊಂಬಿನ ಡೈನೋಸಾರ್ ಅಂದರೆ ಬಲಿತ ಟ್ರೈಸೆರಟಾಪ್ಸ್ ಎಂದರು. ಆ ಸುದ್ದಿ ಎಷ್ಟು ತಿರುಚಿಕೊಂಡಿತೆಂದರೆ, ‘ಟ್ರೈಸೆರಟಾಪ್ಸ್ ಇರಲೇ ಇಲ್ಲ’ ಎಂದು ಜನ ಗೋಳಾಡಿದರು. ವಾಸ್ತವದಲ್ಲಿ ಟ್ರೈಸೆರಟಾಪ್ಸ್ ಹೆಸರು ಇಟ್ಟದ್ದು 1889ರಲ್ಲಿ, ಟೊರೊಸಾರಸ್ 1891ರಲ್ಲಿ. ಎರಡೂ ಒಂದೇ ಆಗಿದ್ದರೆ ಮೊದಲಿನ ಹೆಸರು ಉಳಿದು, ಹೋಗುತ್ತಿದ್ದದ್ದು ಟೊರೊಸಾರಸ್ ಹೆಸರೇ.

2012ರಲ್ಲಿ ನಿಕೊಲಸ್ ಲಾಂಗ್‌ರಿಚ್ ಮತ್ತು ಡೇನಿಯಲ್ ಫೀಲ್ಡ್ ಇದನ್ನು ಒಪ್ಪಲಿಲ್ಲ. ಟೊರೊಸಾರಸ್‌ನಲ್ಲಿ ಬಲಿಯದವೂ ಇವೆ, ಟ್ರೈಸೆರಟಾಪ್ಸ್‌ನಲ್ಲಿ ಬಲಿತವೂ ಇವೆ, ಹಾಗಿದ್ದ ಮೇಲೆ ಒಂದು ಇನ್ನೊಂದರ ಮುದಿ ರೂಪ ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಹೀಗೆ ಎರಡು ಬಣ ನಿಂತಿವೆ. ಒಂದು ಹೆಸರುಗಳನ್ನು ಒಟ್ಟುಗೂಡಿಸುವವರದು, ಇನ್ನೊಂದು ಬೇರ್ಪಡಿಸುವವರದು.

ಮಾಂಸದ ಜುಟ್ಟು ಬೇರೆ, ಮೂಳೆಯದು ಬೇರೆ

ಹಕ್ಕಿಗಳ ಕಡೆ ಬರೋಣ. ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಹುಂಜದ ಕೆಂಪು ಜುಟ್ಟು ಬರೀ ಮಾಂಸ. ಅದರ ಒಳಗೆ ಮೂಳೆ ಇಲ್ಲ. 1849ರಲ್ಲಿ ಜರ್ಮನಿಯ ಆರ್ನಾಲ್ಡ್ ಬೆರ್ಟೋಲ್ಡ್ ಹುಂಜಗಳ ವೃಷಣ ತೆಗೆದಾಗ ಜುಟ್ಟು ಕುಗ್ಗಿತು. ವೃಷಣವನ್ನು ಮತ್ತೆ ಹೊಟ್ಟೆಯೊಳಗೆ ಇಟ್ಟಾಗ ಜುಟ್ಟು ಉಳಿಯಿತು. ಅಂದರೆ ಮಾಂಸದ ಜುಟ್ಟು ಹಾರ್ಮೋನ್ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಅಮೆರಿಕದ ಬಿಳಿ ಪೆಲಿಕನ್ ಹಕ್ಕಿಗೆ ಮರಿ ಮಾಡುವ ಕಾಲದಲ್ಲಿ ಕೊಕ್ಕಿನ ಮೇಲೆ ಕೊಂಬಿನಂಥ ಉಬ್ಬು ಏಳುತ್ತದೆ, ಗಂಡಿಗೂ ಹೆಣ್ಣಿಗೂ. ಮೊಟ್ಟೆ ಇಟ್ಟ ಮೇಲೆ ಅದು ಕಳಚಿ ಬೀಳುತ್ತದೆ.

ಮೂಳೆಯ ಜುಟ್ಟು ಹಾಗಲ್ಲ. ಒಮ್ಮೆ ಕಟ್ಟಿಕೊಂಡ ಮೂಳೆ ಋತು ಮುಗಿಯಿತು ಅಂತ ಬಿದ್ದುಹೋಗುವುದಿಲ್ಲ. ವರ್ಷ ಕಳೆದಂತೆ ಅದು ಏರುತ್ತಲೇ ಹೋಗಬಹುದು. ಹಾಗಾಗಿ ಅದರಲ್ಲಿ ಲಿಂಗದ ಗುರುತಿಗಿಂತ ವಯಸ್ಸಿನ ಗುರುತು ಜಾಸ್ತಿ ದಟ್ಟವಾಗಿರುತ್ತದೆ. ಮುಂದಿನ ಎಲ್ಲ ಗೊಂದಲಕ್ಕೂ ಬೇರು ಇಲ್ಲೇ ಇದೆ.

ಇನ್ನೊಂದು ತೊಡಕು. ಹಕ್ಕಿಗಳಲ್ಲಿ ಮೂಳೆ ಜುಟ್ಟಿನ ಮೇಲೆ ಸಾಮಾನ್ಯವಾಗಿ ಕೆರಾಟಿನ್ ಹೊದಿಕೆ ಇರುತ್ತದೆ. ಉಗುರು, ಕೊಂಬು ಆಗಿರುವುದು ಇದೇ ವಸ್ತುವಿನಿಂದ. ನಾವು ಹೊರಗಿನಿಂದ ನೋಡುವ ಆಕಾರ ಆ ಹೊದಿಕೆಯದು. ಪಳೆಯುಳಿಕೆಯಲ್ಲಿ ಅದು ಉಳಿಯುವುದು ಬಹಳ ಅಪರೂಪ.

ಬದುಕಿರುವ ಹಕ್ಕಿಗಳು ಹೇಳುವುದೇನು

ಆಫ್ರಿಕಾ ಮೂಲದ ಗಿನಿ ಕೋಳಿಯಿಂದ ಶುರು ಮಾಡಬಹುದು. ಇದರ ನೆತ್ತಿಯ ಮೇಲೆ ಗಟ್ಟಿ ಮೂಳೆಯ ಒಂದು ಮೊಳಕೆ ಇದೆ. ಮೊಟ್ಟೆಯಿಂದ ಬಂದ ಮರಿಗೆ ಅದು ಇರುವುದಿಲ್ಲ. ಗಂಡಿಗೂ ಇದೆ, ಹೆಣ್ಣಿಗೂ ಇದೆ. ಸಾಮಾನ್ಯವಾಗಿ ಗಂಡಿನದು ದೊಡ್ಡದು, ಆದರೆ ಗೆರೆ ಎಳೆದಷ್ಟು ಸ್ಪಷ್ಟವಾಗಿ ಅಲ್ಲ. ಸಾಕುವವರು ಗಂಡು ಹೆಣ್ಣು ಗುರುತಿಸುವುದು ಹೆಚ್ಚಾಗಿ ಕೂಗಿನಿಂದ. ಎರಡು ಸ್ವರದ ಕೂಗು ಹೆಣ್ಣಿನದು. ಇಷ್ಟು ಸಾಲದೆಂಬಂತೆ ಪ್ರದೇಶದಿಂದ ಪ್ರದೇಶಕ್ಕೂ ಜುಟ್ಟಿನ ಎತ್ತರ ಬದಲಾಗುತ್ತದೆ. ಪೂರ್ವ ಆಫ್ರಿಕಾದ ಒಂದು ಉಪಪ್ರಭೇದದ್ದು ಎದ್ದು ನಿಂತ ಕೊಂಬಿನ ಹಾಗೆ, ಪಶ್ಚಿಮದ್ದು ಮೊಟಕು.

2020ರಲ್ಲಿ ದೆಲ್ಫಿನ್ ಆಂಗ್ಸ್ಟ್, ಅನುಸೂಯ ಚಿನ್ಸಾಮಿ ಮತ್ತು ಸಂಗಡಿಗರು ಈ ಹಕ್ಕಿಯ ಜುಟ್ಟು ವಯಸ್ಸಿನ ಜೊತೆ, ಲಿಂಗದ ಜೊತೆ ಹೇಗೆ ಬದಲಾಗುತ್ತದೆ ಎಂಬುದರ ಮೇಲೇ ಒಂದು ಅಧ್ಯಯನ ಪ್ರಕಟಿಸಿದರು. ಅಳಿದುಹೋದ ಜುಟ್ಟಿನ ಪ್ರಾಣಿಗಳನ್ನು ಅರ್ಥ ಮಾಡಿಕೊಳ್ಳಲು ಬದುಕಿರುವ, ವಯಸ್ಸು ಲಿಂಗ ಗೊತ್ತಿರುವ ಹಕ್ಕಿಯೇ ಅಳತೆಗೋಲು ಎಂಬುದು ಅವರ ದಾರಿ. ಸರಿಯಾದ ದಾರಿ. ಇಷ್ಟು ತಡವಾಗಿ ಯಾಕೆ ಹಿಡಿದರು ಎಂಬುದೇ ಆಶ್ಚರ್ಯ.

ಇನ್ನು ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕ್ಯಾಸೊವರಿ. ಮರಿ ಕಂದು ಬಣ್ಣದ್ದು, ಮೈಮೇಲೆ ಪಟ್ಟೆಗಳು, ತಲೆಯ ಮೇಲೆ ಉಬ್ಬು ಇಲ್ಲ. ಬೆಳೆಯುತ್ತಾ ಮೈ ಕಪ್ಪಾಗುತ್ತದೆ, ನೆತ್ತಿಯ ಮೇಲೆ ಎತ್ತರದ ಉಬ್ಬು ಏಳುತ್ತದೆ. ಇದು ಒಂದೇ ಮೂಳೆ ಚಾಚಿಕೊಂಡದ್ದಲ್ಲ. ಟಾಡ್ ಗ್ರೀನ್ ಮತ್ತು ಪಾಲ್ ಗಿಗ್ನಾಕ್ ಮೈಕ್ರೊ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ, ಬುರುಡೆಯ ಹಲವು ಮೂಳೆಗಳು ಸೇರಿ ಅದನ್ನು ಕಟ್ಟುವುದು ಕಂಡಿತು. ಎಷ್ಟೋ ಹಕ್ಕಿಗಳಲ್ಲಿ ಉಬ್ಬು ಎಡಕ್ಕೋ ಬಲಕ್ಕೋ ವಾಲಿರುತ್ತದೆ. ಅಂದರೆ ಒಂದೇ ವಯಸ್ಸು, ಒಂದೇ ಲಿಂಗದ ಎರಡು ಹಕ್ಕಿಗಳೂ ಒಂದೇ ಥರ ಇರಬೇಕೆಂದಿಲ್ಲ.

ಕ್ಯಾಸೊವರಿಯಲ್ಲಿ ದೊಡ್ಡ ಮೈ, ದೊಡ್ಡ ಜುಟ್ಟು, ಗಾಢ ಬಣ್ಣ ಎಲ್ಲವೂ ಹೆಣ್ಣಿನದು. ಗಂಡು ಚಿಕ್ಕದು. ಕಾವು ಕೂರುವುದು, ಮರಿ ಸಾಕುವುದು ಗಂಡಿನ ಕೆಲಸ. ಈ ಹಕ್ಕಿ ಅಳಿದುಹೋಗಿ ಬರೀ ಬುರುಡೆಗಳು ಉಳಿದಿದ್ದರೆ ಏನಾಗುತ್ತಿತ್ತು? ದೊಡ್ಡ ಜುಟ್ಟಿನದ್ದಕ್ಕೆ ‘ಗಂಡು’ ಎಂದು ಚೀಟಿ ಅಂಟಿಸಿ ಮ್ಯೂಸಿಯಂನಲ್ಲಿ ಇಡುತ್ತಿದ್ದರು. ಅನುಮಾನವೇ ಬೇಡ.

ಮಂಗಟ್ಟೆ ಹಕ್ಕಿಗಳದು ಇನ್ನೊಂದು ಕತೆ. ದೊಡ್ಡ ಮಂಗಟ್ಟೆಯ ಮರಿಗೆ ಕೊಕ್ಕಿನ ಮೇಲೆ ಉಬ್ಬು ಇರುವುದಿಲ್ಲ. ಅದು ಪೂರ್ತಿ ರೂಪಕ್ಕೆ ಬರಲು ಸುಮಾರು ಐದು ವರ್ಷ ಬೇಕು. ಮೈ ಅದಕ್ಕಿಂತ ಎಷ್ಟೋ ಮೊದಲೇ ಬೆಳೆದಿರುತ್ತದೆ. ಬಲಿತ ಮೇಲೆ ಗಂಡಿನ ಉಬ್ಬು ದೊಡ್ಡದು, ಅದರ ಹಿಂದೆ ಮುಂದೆ ಕಪ್ಪು ಬಣ್ಣ, ಕಣ್ಣು ಕೆಂಪು. ಹೆಣ್ಣಿಗೆ ಆ ಕಪ್ಪು ಇಲ್ಲ, ಕಣ್ಣು ಬಿಳಿ. ಇದರಲ್ಲಿ ಕಣ್ಣು, ಬಣ್ಣ ಯಾವುದೂ ಪಳೆಯುಳಿಕೆಗೆ ದಾಟುವುದಿಲ್ಲ. ಉಳಿಯುವುದು ಗಾತ್ರ ಒಂದೇ. ಆಗ ನಾಲ್ಕು ವರ್ಷದ ಗಂಡನ್ನೂ ಹತ್ತು ವರ್ಷದ ಹೆಣ್ಣನ್ನೂ ಬೇರ್ಪಡಿಸುವುದು ಹೇಗೆ?

ಆಫ್ರಿಕಾದ ಕಪ್ಪು ಉಬ್ಬಿನ ಮಂಗಟ್ಟೆಯಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿದೆ. ಗಂಡಿಗೆ ಎತ್ತರದ ದಪ್ಪ ಉಬ್ಬು, ಕಪ್ಪು ತಲೆ. ಹೆಣ್ಣಿಗೆ ಚಿಕ್ಕ ಉಬ್ಬು, ಕಂದು ತಲೆ. ಗೊತ್ತಿಲ್ಲದವರಿಗೆ ಇವು ಎರಡು ಪ್ರಭೇದಗಳೇ. ಇದರ ಇನ್ನೊಂದು ತುದಿಯಲ್ಲಿ ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಮಾಲಿಯೊ ಇದೆ. ಬಿಸಿ ಮರಳಲ್ಲಿ ಮೊಟ್ಟೆ ಹೂಳುವ ಹಕ್ಕಿ ಇದು. ಮರಿಗೆ ಜುಟ್ಟಿಲ್ಲ, ಬಲಿತದ್ದಕ್ಕೆ ಇದೆ, ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ಥರ.

ಇಷ್ಟೆಲ್ಲ ಹಕ್ಕಿಗಳಲ್ಲಿ ತಪ್ಪದೆ ಕಾಣುವುದು ಒಂದೇ: ಮರಿಗೆ ಜುಟ್ಟು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಲಿಂಗದ ವಿಷಯದಲ್ಲಿ ಅಂಥ ನಿಯಮ ಇಲ್ಲ. ಒಂದರಲ್ಲಿ ಗಂಡಿನದು ದೊಡ್ಡದು, ಇನ್ನೊಂದರಲ್ಲಿ ಹೆಣ್ಣಿನದು, ಮತ್ತೊಂದರಲ್ಲಿ ಎರಡೂ ಸಮ.

ಗಂಡು ಹೆಣ್ಣಿನ ಲೆಕ್ಕ ಯಾಕೆ ಕೈಕೊಡುತ್ತದೆ

ಒಂದು ಶಾಲೆಯ ಇಪ್ಪತ್ತು ಮಕ್ಕಳ ಎತ್ತರ ಮಾತ್ರ ಬರೆದ ಹಾಳೆ ಸಿಕ್ಕಿದೆ ಅಂದುಕೊಳ್ಳಿ. ಹೆಸರಿಲ್ಲ, ವಯಸ್ಸಿಲ್ಲ. ಅದರಲ್ಲಿ ಹುಡುಗರು ಯಾರು, ಹುಡುಗಿಯರು ಯಾರು ಹೇಳಿ ಎಂದರೆ ಆಗುವುದಿಲ್ಲ, ಅಲ್ವಾ? ಪಳೆಯುಳಿಕೆ ವಿಜ್ಞಾನಿಗಳ ಕೈಗೆ ಸಿಗುವ ಹಾಳೆಯಲ್ಲಿ ಇಪ್ಪತ್ತು ಸಾಲುಗಳೂ ಇರುವುದಿಲ್ಲ. ಎಷ್ಟೋ ಪ್ರಭೇದಗಳಿಗೆ ಇರುವುದು ನಾಲ್ಕೈದು ಬುರುಡೆ, ಅದರಲ್ಲೂ ಎರಡು ಅಪ್ಪಚ್ಚಿಯಾದವು.

ಹೆಚ್ಚು ಬುರುಡೆ ಇದ್ದರೂ ಸುಲಭವಲ್ಲ ಎಂಬುದನ್ನು 2020ರಲ್ಲಿ ಡೇವಿಡ್ ಹೋನ್ ತಂಡ ತೋರಿಸಿತು. ಅವರು ನೋಡಿದ್ದು 106 ಘರಿಯಾಲ್ ಮೊಸಳೆಗಳನ್ನು. ಗಂಡು ಘರಿಯಾಲ್‌ನ ಮೂತಿಯ ತುದಿಯಲ್ಲಿ ಮಡಕೆಯಂಥ ಉಬ್ಬು ಇರುತ್ತದೆ, ಗಂಡು ಹೆಣ್ಣಿಗಿಂತ ಬಹಳ ದೊಡ್ಡದೂ ಹೌದು. ಇಷ್ಟು ವ್ಯತ್ಯಾಸ ಇದ್ದೂ, ಆ ಉಬ್ಬು ಕೂರುವ ಮೂಳೆಯ ಕುಳಿಯನ್ನು ಬಿಟ್ಟರೆ ಬುರುಡೆಯ ಅಳತೆಯಿಂದ ಲಿಂಗ ಹೇಳುವುದು ಕಷ್ಟವಾಯಿತು. ಉಬ್ಬು ಮಾಂಸದ್ದು, ಪಳೆಯುಳಿಕೆಯಲ್ಲಿ ಅದು ಉಳಿಯುವುದೂ ಇಲ್ಲ.

ಕೆನಡಾದ ಜೋರ್ಡಾನ್ ಮ್ಯಾಲನ್ 2017ರಲ್ಲಿ ಡೈನೋಸಾರ್‌ಗಳ ಬಗ್ಗೆ ಅದುವರೆಗೆ ಬಂದಿದ್ದ ‘ಇದು ಗಂಡು, ಇದು ಹೆಣ್ಣು’ ವಾದಗಳನ್ನು ಮತ್ತೆ ಲೆಕ್ಕಕ್ಕೆ ಹಚ್ಚಿದರು. ಗಟ್ಟಿಯಾಗಿ ನಿಲ್ಲುವ ಪುರಾವೆ ಸಿಗಲಿಲ್ಲ. ಹಾಗಂದರೆ ಡೈನೋಸಾರ್‌ಗಳಲ್ಲಿ ವ್ಯತ್ಯಾಸವೇ ಇರಲಿಲ್ಲ ಎಂದಲ್ಲ. ಇವಾನ್ ಸೈಟಾ ಮತ್ತು ಸಂಗಡಿಗರ ತಕರಾರು ಇದೇ: ‘ಇದೆಯೋ ಇಲ್ಲವೋ’ ಎಂಬ ಪರೀಕ್ಷೆಯಲ್ಲಿ ಸಣ್ಣ ಗುಂಪು ಯಾವಾಗಲೂ ಫೇಲ್ ಆಗುತ್ತದೆ, ಅದರ ಬದಲು ವ್ಯತ್ಯಾಸ ಎಷ್ಟಿರಬಹುದು ಎಂದು ಅಂದಾಜು ಮಾಡಿ ಎನ್ನುತ್ತಾರೆ. ನನಗೆ ಇಬ್ಬರ ಮಾತಿನಲ್ಲಿಯೂ ಹುರುಳು ಕಾಣುತ್ತದೆ. ಆದರೆ ಸುದ್ದಿಯ ತಲೆಬರಹದಲ್ಲಿ ‘ಗಂಡು ಡೈನೋಸಾರ್ ಪತ್ತೆ’ ಎಂದು ಬಂದರೆ ಮ್ಯಾಲನ್ ಕಡೆಯ ಅನುಮಾನ ಇಟ್ಟುಕೊಳ್ಳುವುದು ಲೇಸು.

ಲೆಕ್ಕ ಕೂಡಿಬಂದ ಕಡೆಯೂ ಇದೆ, ಡೈನೋಸಾರ್‌ಗಳ ದಾಯಾದಿಗಳಾದ ಹಾರುವ ಟೆರೊಸಾರ್‌ಗಳಲ್ಲಿ. ಟೆರನೊಡಾನ್‌ನ ಸಾವಿರಕ್ಕೂ ಹೆಚ್ಚು ಪಳೆಯುಳಿಕೆಗಳಿವೆ. 1992ರಲ್ಲಿ ಕ್ರಿಸ್ಟೋಫರ್ ಬೆನೆಟ್ ಅವುಗಳಲ್ಲಿ ಎರಡು ಗಾತ್ರದ ಗುಂಪುಗಳನ್ನು ಗುರುತಿಸಿದರು. ಸಣ್ಣವಕ್ಕೆ ಸಣ್ಣ ಜುಟ್ಟು, ಸೊಂಟದ ಮೂಳೆಯ ದಾರಿ ಅಗಲ. ಮೊಟ್ಟೆ ಹೊರಬರಲು ಅಗಲ ಬೇಕಲ್ಲ, ಹಾಗಾಗಿ ಅವು ಹೆಣ್ಣು. 2011ರಲ್ಲಿ ಚೀನಾದಲ್ಲಿ ಡಾರ್ವಿನಾಪ್ಟೆರಸ್ ಎಂಬ ಟೆರೊಸಾರ್ ಮೊಟ್ಟೆಯ ಜೊತೆಗೇ ಸಿಕ್ಕಿತು. ಅದಕ್ಕೆ ಜುಟ್ಟು ಇರಲಿಲ್ಲ. ಈ ಎರಡೂ ಕಡೆ ತೀರ್ಮಾನಕ್ಕೆ ಆಧಾರವಾದದ್ದು ಜುಟ್ಟಲ್ಲ. ಸೊಂಟ ಮತ್ತು ಮೊಟ್ಟೆ.

ಜುಟ್ಟು ಇರುವುದಾದರೂ ಯಾತಕ್ಕೆ

ಗಂಡು ಹೆಣ್ಣಿನ ವ್ಯತ್ಯಾಸ ಕಾಣದಿದ್ದರೆ ಜುಟ್ಟಿಗೂ ಜೋಡಿ ಹುಡುಕುವುದಕ್ಕೂ ಸಂಬಂಧವಿಲ್ಲ ಎಂದು ಕೆಲವರು ವಾದಿಸುತ್ತಿದ್ದರು. ತಮ್ಮ ಪ್ರಭೇದದವರನ್ನು ಗುರುತಿಸಲು ಅದು ಗುರುತಿನ ಚಿಹ್ನೆ ಎಂದು ಅವರ ವಿವರಣೆ. ಹಕ್ಕಿಗಳು ಇದನ್ನು ಅಲುಗಾಡಿಸುತ್ತವೆ. ಕ್ರೆಸ್ಟೆಡ್ ಆಕ್ಲೆಟ್ ಎಂಬ ಕಡಲ ಹಕ್ಕಿಯಲ್ಲಿ ಗಂಡು ಹೆಣ್ಣು ಎರಡಕ್ಕೂ ಗರಿಯ ಜುಟ್ಟಿದೆ. 1993ರ ಪ್ರಯೋಗದಲ್ಲಿ ಎರಡೂ ಉದ್ದ ಜುಟ್ಟಿನ ಜೋಡಿಯನ್ನೇ ಇಷ್ಟಪಟ್ಟವು. ಅಂದರೆ ಇಬ್ಬರೂ ಇಬ್ಬರನ್ನೂ ಆರಿಸಿಕೊಳ್ಳುವ ಕಡೆ ಜುಟ್ಟು ಇಬ್ಬರಿಗೂ ಬೆಳೆಯುತ್ತದೆ.

ಬೇರೆ ಉಪಯೋಗಗಳೂ ಇರಬಹುದು. 2019ರಲ್ಲಿ ಆಸ್ಟ್ರೇಲಿಯಾದಲ್ಲಿ ಶಾಖದ ಕ್ಯಾಮೆರಾ ಇಟ್ಟು ನೋಡಿದಾಗ ಕ್ಯಾಸೊವರಿ ಬಿಸಿ ಹೊತ್ತಿನಲ್ಲಿ ತಲೆಯ ಉಬ್ಬಿನಿಂದ ಶಾಖ ಹೊರಬಿಡುತ್ತಿತ್ತು. ಹೆಲ್ಮೆಟೆಡ್ ಮಂಗಟ್ಟೆಯ ಗಂಡುಗಳು ಗಾಳಿಯಲ್ಲೇ ಹಾರಿ ಬಂದು ತಲೆಗೆ ತಲೆ ಡಿಕ್ಕಿ ಹೊಡೆಯುತ್ತವೆ.

ಹಕ್ಕಿಯ ಲೆಕ್ಕ ಡೈನೋಸಾರ್‌ಗೆ ಎಷ್ಟು ಹೊಂದುತ್ತದೆ

ಪೂರ್ತಿ ಹೊಂದುವುದಿಲ್ಲ. ಇಂದಿನ ಬಹುತೇಕ ಹಕ್ಕಿಗಳ ಮೈ ಒಂದು ವರ್ಷದೊಳಗೆ ಪೂರ್ತಿ ಗಾತ್ರಕ್ಕೆ ಬರುತ್ತದೆ. ಆಮೇಲೆ ಜುಟ್ಟು, ಆಮೇಲೆ ಮರಿ ಮಾಡುವುದು. ದೊಡ್ಡ ಡೈನೋಸಾರ್‌ಗಳು ಹತ್ತಿಪ್ಪತ್ತು ವರ್ಷ ಬೆಳೆಯುತ್ತಿದ್ದವು. ಅದೂ ಅಲ್ಲದೆ, ಬೆಳವಣಿಗೆ ಮುಗಿಯುವ ಮೊದಲೇ ಅವು ಮೊಟ್ಟೆ ಇಡುತ್ತಿದ್ದವು ಎಂದು 2008ರಲ್ಲಿ ಆಂಡ್ರೂ ಲೀ ಮತ್ತು ಸಾರಾ ವರ್ನಿಂಗ್ ತೋರಿಸಿದರು. ಜೋಡಿ ಹುಡುಕುವ ವಯಸ್ಸು ಮೊದಲು ಬಂದರೆ ತಲೆಯ ಅಲಂಕಾರವೂ ಮೊದಲೇ ಬೇಕಾಗುತ್ತದೆ.

ಜವಾಸೆಫೇಲ್ ಸುದ್ದಿ ಈ ಬೆಳಕಿನಲ್ಲಿ ಅಷ್ಟೇನೂ ವಿಚಿತ್ರವಲ್ಲ. ಕಾಲಿನ ಮೂಳೆ ಅದಿನ್ನೂ ಬೆಳೆಯುತ್ತಿತ್ತು ಎನ್ನುತ್ತದೆ, ತಲೆ ಜೋಡಿಗೆ ಸಿದ್ಧ ಎನ್ನುತ್ತದೆ. ಎರಡೂ ನಿಜ ಇರಬಹುದು. ಆದರೆ ಹಾರ್ನರ್ ಅವರ ಹೆಲ್ ಕ್ರೀಕ್ ಸರಣಿಯಲ್ಲಿ ಗುಮ್ಮಟ ಏರುವುದು ತಡವಾಗಿ. ಎರಡೂ ಒಂದೇ ಬಳಗದ ಪ್ರಾಣಿಗಳು. ಹಾಗಾಗಿ ‘ಗುಮ್ಮಟ ಇಲ್ಲದಿದ್ದರೆ ಮರಿ, ಇದ್ದರೆ ದೊಡ್ಡದು’ ಎಂಬ ಸರಳ ಸೂತ್ರ ಇನ್ನು ನಡೆಯುವುದಿಲ್ಲ.

ಹಾಗಾದರೆ ವಯಸ್ಸು ಹೇಳುವುದು ಹೇಗೆ? ಮೂಳೆ ಕೊಯ್ದು. ಕಾಲಿನ ಮೂಳೆಯನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಷಕ್ಕೊಂದರಂತೆ ಗೆರೆ ಕಾಣುತ್ತದೆ. ಬೆಳವಣಿಗೆ ನಿಂತಿದ್ದರೆ ಹೊರ ಅಂಚಿನಲ್ಲಿ ಗೆರೆಗಳು ಒತ್ತೊತ್ತಾಗಿರುತ್ತವೆ. ನ್ಯಾನೋಟೈರನಸ್ ಸುಮಾರು 20 ವರ್ಷದ್ದು, ಬೆಳೆದು ಮುಗಿದಿತ್ತು ಎಂದು ಜ್ಯಾನೋ ಮತ್ತು ಜೇಮ್ಸ್ ನಾಪೊಲಿ ಹೇಳಿದ್ದಕ್ಕೆ ಇದೂ ಒಂದು ಆಧಾರ. ನ್ಯಾನೋಟೈರನಸ್ ಬುರುಡೆಗಳಲ್ಲಿ ಮೊದಲನೆಯದು ಸಿಕ್ಕಿದ್ದು 1942ರಲ್ಲಿ. ದಶಕಗಳ ಕಾಲ ನಡೆದ ಜಗಳ ಅದು.

ಲಿಂಗಕ್ಕೂ ಮೂಳೆಯೊಳಗೇ ಒಂದು ಸುಳಿವಿದೆ. ಮೊಟ್ಟೆ ಇಡುವ ಹಕ್ಕಿಯ ಮೂಳೆಯೊಳಗೆ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಕೂಡಿಡುವ ವಿಶೇಷ ಪದರ ಬೆಳೆಯುತ್ತದೆ. 2005ರಲ್ಲಿ ಮೇರಿ ಶ್ವೈಟ್ಜರ್ ತಂಡ ಒಂದು ಟಿ. ರೆಕ್ಸ್ ಮೂಳೆಯಲ್ಲಿ ಅಂಥದ್ದೇ ಪದರ ಗುರುತಿಸಿತು. ತೊಂದರೆ ಏನೆಂದರೆ, ಅದು ಮೊಟ್ಟೆ ಇಡುವ ಕಾಲದಲ್ಲಿ ಮಾತ್ರ ಇರುತ್ತದೆ. ಪದರ ಕಂಡರೆ ಹೆಣ್ಣು. ಕಾಣದಿದ್ದರೆ ಗಂಡು ಎಂದೇನಿಲ್ಲ.

ಇದರಿಂದ ಏನಾಗುತ್ತದೆ

ಮೊದಲ ಪರಿಣಾಮ ಲೆಕ್ಕದ ಮೇಲೆ. 6.6 ಕೋಟಿ ವರ್ಷ ಹಿಂದೆ ಉಲ್ಕೆ ಬೀಳುವ ಹೊತ್ತಿಗೆ ಡೈನೋಸಾರ್‌ಗಳು ಆಗಲೇ ಕಡಿಮೆಯಾಗುತ್ತಿದ್ದವೋ, ಚೆನ್ನಾಗಿಯೇ ಇದ್ದವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೆಲ್ ಕ್ರೀಕ್‌ನ ಹೆಸರುಗಳಲ್ಲಿ ಹಲವು ಮರಿಗಳದ್ದಾದರೆ ಕೊನೆಯ ಕಾಲದ ವೈವಿಧ್ಯ ಇಳಿಯುತ್ತದೆ. ನ್ಯಾನೋಟೈರನಸ್‌ನಂತೆ ಹೆಸರುಗಳು ಮರಳಿ ಬಂದರೆ ಏರುತ್ತದೆ. ಜೊತೆಗೆ ಟಿ. ರೆಕ್ಸ್ ಹೇಗೆ ಬೆಳೆಯಿತು, ಎಳೆಯದಿದ್ದಾಗ ಹೇಗೆ ಬೇಟೆಯಾಡಿತು ಎಂದು ಆ ‘ಮರಿ’ಗಳ ಆಧಾರದ ಮೇಲೆ ಬರೆದ ಅಧ್ಯಯನಗಳನ್ನು ಮತ್ತೆ ನೋಡಬೇಕಾಗುತ್ತದೆ. ಇದು ಸಣ್ಣ ಕೆಲಸವಲ್ಲ.

ಎರಡನೆಯದು ಪದರಗಳ ಮೇಲೆ ಗಮನ. ಟ್ರೈಸೆರಟಾಪ್ಸ್‌ನ ಎರಡು ರೂಪಗಳಲ್ಲಿ ಒಂದು ಹೆಲ್ ಕ್ರೀಕ್‌ನ ಕೆಳಗಿನ ಪದರದಲ್ಲಿ, ಇನ್ನೊಂದು ಮೇಲಿನ ಪದರದಲ್ಲಿ ಸಿಗುತ್ತದೆ ಎಂದು 2014ರಲ್ಲಿ ಸ್ಕ್ಯಾನೆಲ್ಲಾ ತಂಡ ತೋರಿಸಿತು. ಬೇರೆ ಬೇರೆ ಕಾಲದಲ್ಲಿ ಬದುಕಿದವು ಗಂಡು ಹೆಣ್ಣಾಗಲು ಸಾಧ್ಯವಿಲ್ಲ. ಆದ್ದರಿಂದ ಬುರುಡೆ ಎಷ್ಟು ಚೆಂದ ಇದೆ ಎನ್ನುವುದಕ್ಕಿಂತ ಅದು ಯಾವ ಪದರದಲ್ಲಿ ಸಿಕ್ಕಿತು ಎಂಬ ದಾಖಲೆಗೆ ಬೆಲೆ ಹೆಚ್ಚು. ಹರಾಜಿಗೆ ಹೋಗುವ ಪಳೆಯುಳಿಕೆಗಳಲ್ಲಿ ಎಷ್ಟೋ ಸಲ ಕಳೆದುಹೋಗುವುದು ಇದೇ ದಾಖಲೆ.

ಮೂರನೆಯದು ಮ್ಯೂಸಿಯಂಗಳ ಸಂಕಟ. ಕೊಯ್ಯದೆ ವಯಸ್ಸು ತಿಳಿಯುವುದಿಲ್ಲ, ಕೊಯ್ದರೆ ಮಾದರಿಯ ಒಂದು ಚೂರು ಹೋಗುತ್ತದೆ. ಒಂದೇ ಒಂದು ಬುರುಡೆ ಇದ್ದಾಗ ಯಾರು ಧೈರ್ಯ ಮಾಡುತ್ತಾರೆ? ಬುರುಡೆ ಮಾತ್ರ ಸಿಕ್ಕು ಕಾಲಿನ ಮೂಳೆ ಸಿಗದ ಪ್ರಾಣಿಗಳಲ್ಲಿ ಪ್ರಶ್ನೆ ಇನ್ನೂ ಬಿಗಿ. ಸ್ಟೈಜಿಮೊಲಾಕ್ ಹೆಸರು ಉಳಿಯುತ್ತದೋ ಇಲ್ಲವೋ ಎಂಬುದು ಇಂಥ ಒಂದಿಷ್ಟು ಕೊಯ್ತಗಳ ಮೇಲೆ, ಹೊಸ ಅಸ್ಥಿಪಂಜರಗಳ ಮೇಲೆ ನಿಂತಿದೆ. ಅಲ್ಲಿಯವರೆಗೆ ಸುದ್ದಿ ಇನ್ನೊಂದೆರಡು ಸಲ ಅತ್ತಿತ್ತ ತಿರುಗಿದರೆ ಆಶ್ಚರ್ಯವಿಲ್ಲ.